ಸೀರಿಯಲ್‌ನಲ್ಲಿ ಹಿನ್ನೆಲೆ ಕಲಾವಿದರಾಗಿ ಕೆಲಸ: ಶಿವಮೊಗ್ಗ, ಮಲೆನಾಡಿನವರಿಗೆ ಹಂತ ಹಂತದ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಸೀರಿಯಲ್‌ನ ಹಿನ್ನೆಲೆಯಲ್ಲಿ ನಿಲ್ಲಲು ಹೊರಟವರು ಎಡವುವುದು ಎರಡು ಜಾಗದಲ್ಲಿ. ಫೋಟೊ ಕಳಿಸಿ ತಿಂಗಳುಗಟ್ಟಲೆ ಕಾದರೂ ಕರೆ ಬರುವುದಿಲ್ಲ. ಇಲ್ಲವೇ ಒಮ್ಮೆ ಕರೆ ಬಂದು, ಇಡೀ ದಿನ ನಿಂತು ಬಂದ ಮೇಲೆ ಮತ್ತೆ ಯಾರೂ ಕರೆಯುವುದಿಲ್ಲ. ಇಂಥವರಲ್ಲಿ ಹೆಚ್ಚಿನವರಿಗೆ ನಟನೆ ಚೆನ್ನಾಗಿಯೇ ಬರುತ್ತದೆ. ಆದರೆ ಈ ಕೆಲಸದಲ್ಲಿ ಯಾರೂ ನಟನೆಯನ್ನು ಮೊದಲು ನೋಡುವುದಿಲ್ಲ. ಹೇಳಿದ ಹೊತ್ತಿಗೆ ಬರುತ್ತಾರೆಯೇ, ಒಮ್ಮೆ ಮಾಡಿದ್ದನ್ನು ಹತ್ತು ಸಲ ಹಾಗೆಯೇ ಮಾಡುತ್ತಾರೆಯೇ ಎಂಬುದನ್ನು ನೋಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರನ್ನು ಬಿಟ್ಟು ನೇರವಾಗಿ ಬೆಂಗಳೂರಿನ ಬಸ್ ಹತ್ತಿದವರ ದುಡ್ಡು ಖರ್ಚಾಗುವುದನ್ನು ತಡೆಯುವುದು ಕಷ್ಟ.

ಹಂತ 1: ಯಾವ ಕೆಲಸಕ್ಕೆ ಹೋಗುತ್ತಿದ್ದೀರಿ ಎಂದು ತಿಳಿಯಿರಿ

ಸೆಟ್‌ನಲ್ಲಿ ಹಿನ್ನೆಲೆ ಕಲಾವಿದರನ್ನೆಲ್ಲ ಒಟ್ಟಾಗಿ ಜೂನಿಯರ್ ಆರ್ಟಿಸ್ಟ್ ಎನ್ನುತ್ತಾರೆ. ಆದರೂ ಒಳಗೆ ದರ್ಜೆಗಳಿವೆ. ಮದುವೆ, ಜಾತ್ರೆ, ಪಂಚಾಯ್ತಿ ದೃಶ್ಯದಲ್ಲಿ ಗುಂಪಾಗಿ ನಿಲ್ಲುವವರು ಕ್ರೌಡ್. ಮುಖ್ಯ ಕಲಾವಿದರು ಮಾತಾಡುವಾಗ ಹಿಂದೆ ನಡೆದು ಹೋಗುವವರು, ಅಂಗಡಿಯಲ್ಲಿ ಸಾಮಾನು ಕೊಳ್ಳುವವರು ಪಾಸಿಂಗ್. ನಾಯಕನ ಕೈಗೆ ಕಾಫಿ ಕೊಡುವವರು, ಆಸ್ಪತ್ರೆಯ ನರ್ಸ್, ಬಾಗಿಲು ತೆರೆಯುವ ಆಳು ಮಾತಿಲ್ಲದ ಪಾತ್ರಗಳು. ‘ಅಮ್ಮಾವ್ರೇ, ಯಾರೋ ಬಂದಿದ್ದಾರೆ’ ಎನ್ನುವಷ್ಟು ಮಾತು ಸೇರಿದರೆ ಅದು ಬೇರೆ ದರ್ಜೆ, ಸಂಭಾವನೆಯೂ ಬೇರೆ. ಕ್ರೌಡ್ ಎಂದು ಕರೆದು ಸೆಟ್‌ನಲ್ಲಿ ಮಾತು ಕೊಟ್ಟರೆ ಹೇಳಿ ಮುಗಿಸಿ. ಸಂಭಾವನೆಯ ವಿಷಯವನ್ನು ನಿಮ್ಮನ್ನು ಕರೆಸಿದ ಕೋಆರ್ಡಿನೇಟರ್ (ತಂಡಕ್ಕೆ ಜನರನ್ನು ಒದಗಿಸುವವರು) ಹತ್ತಿರ ಅವತ್ತೇ ಮಾತಾಡಿ, ನಿರ್ದೇಶಕರ ಹತ್ತಿರ ಬೇಡ.

ಪಾತ್ರಕ್ಕಾಗಿ ಕೊಡುವ ಆಡಿಷನ್ನೇ ಬೇರೆ. ಕ್ರೌಡ್‌ಗೆ ಆಡಿಷನ್ ಇರುವುದಿಲ್ಲ, ಫೋಟೊ ನೋಡಿ ಕರೆಯುತ್ತಾರೆ. ಹಾಗಾಗಿ ನಿಮ್ಮ ದಾರಿ ಶುರುವಾಗುವುದು ಫೋಟೊದಿಂದ.

ಹಂತ 2: ನಾಲ್ಕು ಫೋಟೊ, ಒಂದು ಸಂದೇಶ

ಸ್ಟುಡಿಯೊಗೆ ಹೋಗಿ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ. ಫೋನ್ ಸಾಕು. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಜಗಲಿಯಲ್ಲೋ ಅಂಗಳದ ನೆರಳಲ್ಲೋ, ಬಿಳಿ ಅಥವಾ ತಿಳಿ ಬಣ್ಣದ ಗೋಡೆಗೆ ಎರಡು ಅಡಿ ಮುಂದೆ ನಿಲ್ಲಿ. ಬೇರೊಬ್ಬರು ಎದೆಯ ಎತ್ತರದಲ್ಲಿ ಫೋನ್ ಹಿಡಿದು ತೆಗೆಯಲಿ. ಬೇಕಾದವು ಇಷ್ಟು: ಎದುರಿನಿಂದ ಮುಖ, ಎಡ ಪಕ್ಕ, ಬಲ ಪಕ್ಕ, ತಲೆಯಿಂದ ಪಾದದವರೆಗೆ ಪೂರ್ತಿ. ಕಪ್ಪು ಕನ್ನಡಕ ಬೇಡ, ಟೋಪಿ ಬೇಡ. ಬ್ಯೂಟಿ ಫಿಲ್ಟರನ್ನಂತೂ ಮುಟ್ಟಬೇಡಿ. ಫೋಟೊದಲ್ಲಿ ಮೂವತ್ತರಂತೆ ಕಂಡು ಸೆಟ್‌ನಲ್ಲಿ ನಲವತ್ತೈದರಂತೆ ಇಳಿದವರನ್ನು ವಾಪಸ್ ಕಳಿಸುತ್ತಾರೆ, ಆ ಕೋಆರ್ಡಿನೇಟರ್ ಮತ್ತೆ ಅವರ ನಂಬರ್ ಒತ್ತುವುದಿಲ್ಲ.

ಗಡ್ಡ ಬಿಟ್ಟಾಗ ಒಂದು ಸೆಟ್, ಬೋಳಿಸಿದಾಗ ಒಂದು ಸೆಟ್ ಇಟ್ಟುಕೊಳ್ಳಿ. ಹೆಂಗಸರು ಸೀರೆಯಲ್ಲಿ ಒಂದು, ಚೂಡಿದಾರದಲ್ಲಿ ಒಂದು. ಮೂರು ತಿಂಗಳಿಗೊಮ್ಮೆ ಹೊಸದಾಗಿ ತೆಗೆಯಿರಿ.

ಸಂದೇಶ ಉದ್ದವಾದರೆ ಯಾರೂ ಓದುವುದಿಲ್ಲ. ಇಷ್ಟು ಸಾಕು:

‘ನಮಸ್ಕಾರ ಸರ್. ವಯಸ್ಸು 42, ಎತ್ತರ 5 ಅಡಿ 4 ಇಂಚು, ಊರು ತೀರ್ಥಹಳ್ಳಿ ಹತ್ತಿರ. ಬೈಕ್, ಜೀಪ್ ಓಡಿಸ್ತೀನಿ, ಲೈಸೆನ್ಸ್ ಇದೆ. ಅಡಿಕೆ ಕೊನೆ ಕೊಯ್ಯೋಕೆ ಬರುತ್ತೆ. ಸೋಮವಾರದಿಂದ ಶುಕ್ರವಾರ ಯಾವಾಗ ಕರೆದರೂ ಬರ್ತೀನಿ.’

ಇದರ ಜೊತೆ ಹೆಸರು, ನಂಬರ್. ಕೊನೆಯ ಎರಡು ಸಾಲೇ ನಿಮ್ಮನ್ನು ಉಳಿದವರಿಂದ ಬೇರೆ ಮಾಡುವುದು. ಮಲೆನಾಡಿನ ಮನೆ, ತೋಟ ತೋರಿಸುವ ದೃಶ್ಯದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಲೀಲಾಜಾಲವಾಗಿ ಅಡಿಕೆ ಸುಲಿಯುವ ಹೆಂಗಸರು ಬೇಕು. ಗದ್ದೆಯಲ್ಲಿ ಬಗ್ಗಿ ಸಸಿ ನೆಡುವವರು ಬೇಕು. ಡೊಳ್ಳು ಬಾರಿಸುವವರು, ದೋಣಿಗೆ ಹುಟ್ಟು ಹಾಕುವವರು, ಬಾಳೆ ಎಲೆಯ ಪಂಕ್ತಿಗೆ ಸರಿಯಾಗಿ ಬಡಿಸುವವರು ಬೇಕು. ಬೆಂಗಳೂರಿನಿಂದ ಬಸ್ಸಿನಲ್ಲಿ ತಂದ ಜನರಿಗೆ ಇದು ಬರುವುದಿಲ್ಲ, ಕ್ಯಾಮೆರಾಗೆ ಅದು ತಕ್ಷಣ ಗೊತ್ತಾಗುತ್ತದೆ. ಬರದ ವಿದ್ಯೆಯನ್ನು ಮಾತ್ರ ಬರೆಯಬೇಡಿ. ಈಜು ಬರುತ್ತದೆ ಎಂದು ಬರೆದು ತುಂಗೆಯ ದಡದಲ್ಲಿ ನಿಂತು ಹೆದರಿದರೆ ಇಡೀ ಯೂನಿಟ್ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಜೀವಕ್ಕೇ ಅಪಾಯ.

ಹಂತ 3: ಮೊದಲು ಹತ್ತಿರದ ಶೂಟಿಂಗ್, ಆಮೇಲೆ ಬೆಂಗಳೂರು

ಕನ್ನಡ ಸೀರಿಯಲ್‌ಗಳ ಬಹುಪಾಲು ಕೆಲಸ ಬೆಂಗಳೂರಿನ ಬಾಡಿಗೆ ಮನೆಗಳಲ್ಲೇ ನಡೆಯುತ್ತದೆ. ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರ್. ಒಂದು ದಿನದ ಕ್ರೌಡ್ ಕೆಲಸಕ್ಕೆ ಹೋಗಿ ಬರುವ ಖರ್ಚು, ಊಟ, ರಾತ್ರಿ ತಂಗುವ ವ್ಯವಸ್ಥೆ ಕೂಡಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಶುರುವನ್ನು ಇಲ್ಲೇ ಮಾಡಿ.

ಹೊರಾಂಗಣ ಚಿತ್ರೀಕರಣಕ್ಕೆ ತಂಡಗಳು ಆಗುಂಬೆ, ತೀರ್ಥಹಳ್ಳಿ, ಸಾಗರ, ಜೋಗ, ಶೃಂಗೇರಿ, ಕೊಪ್ಪದ ಕಡೆ ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲವಾದ್ದರಿಂದ ಆಗ ಕೆಲಸ ಕಡಿಮೆ. ಅಕ್ಟೋಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಅಡಿಕೆ ಕೊಯ್ಲೂ ಅದೇ ಹೊತ್ತಿಗೆ ಬರುವುದರಿಂದ ಮನೆಯ ಕೆಲಸದ ಜೊತೆ ಹೊಂದಿಸಿಕೊಂಡು ದಿನ ಹೇಳಿ.

ಬಂದ ತಂಡದ ಪ್ರೊಡಕ್ಷನ್ ಮ್ಯಾನೇಜರ್‌ಗೆ ಊರಿನ ಜನರ ಪರಿಚಯವಿರುವುದಿಲ್ಲ. ಅವರು ಕೇಳುವುದು ತಾವು ಉಳಿದ ಲಾಡ್ಜ್ ಅಥವಾ ಹೋಮ್‌ಸ್ಟೇಯವರನ್ನು, ಊಟ ಕೊಡುವ ಅಡುಗೆ ಕಂಟ್ರಾಕ್ಟರನ್ನು, ಬಾಡಿಗೆ ಜೀಪಿನವರನ್ನು, ಶಾಮಿಯಾನದವರನ್ನು, ಊರಿನ ನಾಟಕ ತಂಡದವರನ್ನು. ನಿಮ್ಮ ಫೋಟೊ, ನಂಬರ್ ಇರಬೇಕಾದದ್ದು ಇವರ ಹತ್ತಿರ. ಈ ಐದು ಬಗೆಯ ಜನರಲ್ಲಿ ತಲಾ ಇಬ್ಬರನ್ನು ಮುಖತಃ ಕಂಡು ಮಾತಾಡಿ. ಶಿವಮೊಗ್ಗದ ಹವ್ಯಾಸಿ ರಂಗತಂಡಗಳು, ಸಾಗರ ತಾಲ್ಲೂಕಿನ ಹೆಗ್ಗೋಡಿನ ಸುತ್ತಲ ರಂಗವಲಯ ಇವೆಲ್ಲ ಇನ್ನೂ ಒಳ್ಳೆಯ ದಾರಿ. ನಾಟಕದಲ್ಲಿ ಪಳಗಿದವರು ಸಮಯಕ್ಕೆ ಬರುತ್ತಾರೆಂಬ ನಂಬಿಕೆ ತಂಡಗಳಿಗೆ ಇರುತ್ತದೆ.

ಶೂಟಿಂಗ್ ನಡೆಯುತ್ತಿರುವ ಜಾಗಕ್ಕೇ ಹೋಗಿ ಕೇಳುವುದಾದರೆ ಊಟದ ಬಿಡುವಿನಲ್ಲಿ ಹೋಗಿ. ಮಾನಿಟರ್ ಮುಂದೆ ಕೂತವರನ್ನು ಮಾತಾಡಿಸಬೇಡಿ, ಪ್ರೊಡಕ್ಷನ್ ಮ್ಯಾನೇಜರ್ ಯಾರು ಎಂದು ಊಟ ಬಡಿಸುವವರನ್ನು ಕೇಳಿ.

ಬೆಂಗಳೂರಿಗೆ ಹೋಗುವುದು ಯಾವಾಗ? ಅಲ್ಲಿ ನೆಂಟರ ಮನೆಯಲ್ಲೋ ಪಿಜಿಯಲ್ಲೋ ಕನಿಷ್ಠ ಹತ್ತು ದಿನ ಉಳಿಯುವ ವ್ಯವಸ್ಥೆ ಇದ್ದಾಗ, ಆ ಹತ್ತು ದಿನಕ್ಕೂ ಬಿಡುವಿದ್ದೇನೆ ಎಂದು ಕೋಆರ್ಡಿನೇಟರ್‌ಗೆ ಮೊದಲೇ ಹೇಳಿದಾಗ. ಸೀರಿಯಲ್‌ನಲ್ಲಿ ನಾಳೆಯ ದೃಶ್ಯ ಖಚಿತವಾಗುವುದು ಇವತ್ತು ರಾತ್ರಿ, ಕರೆ ಬರುವುದೂ ಆಗಲೇ. ತಾಳಗುಪ್ಪದಿಂದ ಸಾಗರ, ಶಿವಮೊಗ್ಗ ಹಾದು ಹೋಗುವ ರಾತ್ರಿ ರೈಲು ಬೆಳಗಿನ ಜಾವ ಬೆಂಗಳೂರು ಮುಟ್ಟಿಸುತ್ತದೆ ನಿಜ, ಆದರೆ ರಾತ್ರಿ ಒಂಬತ್ತಕ್ಕೆ ಬಂದ ಕರೆಗೆ ಊರಿನಿಂದ ಹೊರಟು ನಿದ್ದೆಗೆಟ್ಟ ಮುಖದಲ್ಲಿ ಸೆಟ್‌ಗೆ ಹೋಗುವುದು ನಡೆಯುವ ಮಾತಲ್ಲ.

ಹಂತ 4: ‘ಬರ್ತೀನಿ’ ಎನ್ನುವ ಮುಂಚೆ ಆರು ಪ್ರಶ್ನೆ

ಕರೆ ಬಂದ ಸಂತೋಷದಲ್ಲಿ ಏನೂ ಕೇಳದೆ ಒಪ್ಪಿಕೊಳ್ಳುವವರೇ ಹೆಚ್ಚು. ಈ ಆರನ್ನು ಕೇಳಿ ಬರೆದುಕೊಳ್ಳಿ:

1. ಯಾವ ದಿನ, ಎಷ್ಟು ಗಂಟೆಗೆ, ನಿಖರವಾಗಿ ಎಲ್ಲಿ? ಆಗುಂಬೆ, ಹೊಸನಗರದ ಒಳಭಾಗದಲ್ಲಿ ಫೋನ್ ಸಿಗ್ನಲ್ ಸಿಗದು. ಮ್ಯಾಪ್ ನಂಬಬೇಡಿ, ಮನೆಯ ಹೆಸರು, ಹತ್ತಿರದ ಬಸ್ ಸ್ಟಾಪಿನ ಹೆಸರು ಕೇಳಿ ಕಾಗದದ ಮೇಲೆ ಬರೆದುಕೊಳ್ಳಿ.
2. ಪ್ಯಾಕಪ್ (ದಿನದ ಶೂಟಿಂಗ್ ಮುಗಿಯುವುದು) ಎಷ್ಟು ಹೊತ್ತಿಗೆ, ವಾಪಸ್ ಬಿಡುವವರು ಯಾರು?
3. ಸಂಭಾವನೆ ಎಷ್ಟು, ಎಷ್ಟು ಗಂಟೆಯ ಕೆಲಸಕ್ಕೆ, ಅದು ಮೀರಿದರೆ ಏನು?
4. ಪ್ರಯಾಣದ ಖರ್ಚು ಅದರಲ್ಲೇ ಸೇರಿದೆಯೇ, ಬೇರೆ ಬಾಟಾ (ದಿನಭತ್ಯೆ) ಇದೆಯೇ?
5. ದುಡ್ಡು ಅವತ್ತೇ ಸಿಗುತ್ತದೆಯೇ, ಆಮೇಲೋ? ಕೊಡುವವರು ಯಾರು, ಕಮಿಷನ್ ಹಿಡಿಯುತ್ತಾರೆಯೇ?
6. ದೃಶ್ಯ ಏನು, ಯಾವ ಬಟ್ಟೆ, ಎಷ್ಟು ಜೊತೆ?

ಎರಡನೇ ಪ್ರಶ್ನೆಯನ್ನು ಮಲೆನಾಡಿನವರು ಎಂದೂ ಬಿಡಬಾರದು. ಸೀರಿಯಲ್ ಕೆಲಸ ಹನ್ನೆರಡು ಗಂಟೆ ಎಳೆಯುವುದು ಸಾಮಾನ್ಯ, ರಾತ್ರಿ ಒಂಬತ್ತಕ್ಕೆ ಮುಗಿದರೆ ಹಳ್ಳಿಯ ಕೊನೆಯ ಬಸ್ ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಕಿಲೋಮೀಟರ್ ಮೀರಿದ ದಾರಿ, ನಡುವೆ ಕಾಡು. ಬಿಡುವ ವ್ಯವಸ್ಥೆ ಇಲ್ಲ ಎಂದರೆ ಸಂಜೆ ಇಷ್ಟು ಗಂಟೆಗೆ ಹೊರಡಲೇಬೇಕು ಎಂದು ಒಪ್ಪಿಕೊಳ್ಳುವಾಗಲೇ ಹೇಳಿ. ಮಧ್ಯಾಹ್ನ ತೆಗೆದ ದೃಶ್ಯದಲ್ಲಿ ಕಾಣಿಸಿಕೊಂಡು ಅದು ಮುಗಿಯುವ ಮೊದಲೇ ಸಂಜೆ ಎದ್ದು ಹೊರಟರೆ ತೆಗೆದ ಶಾಟ್‌ಗಳೆಲ್ಲ ಜೋಡಣೆಯಾಗದೆ ಹಾಳಾಗುತ್ತವೆ. ಎರಡನೇ ಕರೆ ಬರದಿರಲು ಇದೊಂದೇ ಕಾರಣ ಸಾಕು.

ಮೋಸದ ಗುರುತುಗಳು ಸ್ಪಷ್ಟ. ನೋಂದಣಿ ಶುಲ್ಕ, ಆಡಿಷನ್ ಫೀ, ಆರ್ಟಿಸ್ಟ್ ಕಾರ್ಡ್, ‘ನಮ್ಮ ಸ್ಟುಡಿಯೊದಲ್ಲೇ ಪೋರ್ಟ್‌ಫೋಲಿಯೊ ಮಾಡಿಸಬೇಕು’ ಎಂಬ ಮಾತು ಬಂದರೆ ಅಲ್ಲಿಗೇ ಬಿಡಿ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ತೆಗೆದುಕೊಳ್ಳುವುದಲ್ಲ. ದೊಡ್ಡ ಚಾನೆಲ್‌ನ ಹೆಸರು, ಲಾಂಛನ ಹಾಕಿದ ಸಂದೇಶ ಬಂದರೆ ಆ ಚಾನೆಲ್‌ನ ಅಧಿಕೃತ ಪುಟದಲ್ಲಿ ಅದೇ ಪ್ರಕಟಣೆ ಇದೆಯೇ ನೋಡಿ. ಅಡ್ವಾನ್ಸ್ ಕಳಿಸುತ್ತೇವೆ, ಪಿನ್ ಒತ್ತಿ ಎಂದರೆ ಒತ್ತಬೇಡಿ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡು. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹೆಂಗಸರು ಮೊದಲ ಸಲ ಒಬ್ಬರೇ ಹೋಗಬೇಡಿ. ‘ನಾಲ್ಕೈದು ಜನ ಒಟ್ಟಿಗೆ ಬರ್ತೀವಿ’ ಎಂದರೆ ನಿಜವಾದ ಕೋಆರ್ಡಿನೇಟರ್‌ಗೆ ಸಂತೋಷವೇ, ಅವರಿಗೆ ಗುಂಪೇ ಬೇಕು. ಬೇಡ ಎನ್ನುವವರ ಬಗ್ಗೆ ಎಚ್ಚರ. ಲಾಡ್ಜ್ ರೂಮಿಗೆ ಬಂದು ಫೋಟೊ ತೋರಿಸಿ, ರಾತ್ರಿ ಭೇಟಿಯಾಗೋಣ ಎಂಬ ಕರೆಗಳಿಗೆ ಉತ್ತರವನ್ನೇ ಕೊಡಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಹಂತ 5: ಬಟ್ಟೆ ಮತ್ತು ಚೀಲ

ಕ್ರೌಡ್‌ನವರು ಸಾಮಾನ್ಯವಾಗಿ ತಮ್ಮದೇ ಬಟ್ಟೆ ತರಬೇಕು. ಒಂದು ದೃಶ್ಯಕ್ಕೆ ಕರೆದರೂ ಮೂರು ಜೊತೆ ಒಯ್ಯಿರಿ, ಬೇರೆ ಬೇರೆ ಬಣ್ಣದವು, ಇಸ್ತ್ರಿ ಮಾಡಿದವು. ಮೂರು ಏಕೆಂದರೆ ನಾಯಕಿ ಅವತ್ತು ಹಸಿರು ಸೀರೆ ಉಟ್ಟಿದ್ದರೆ ನಿಮ್ಮ ಹಸಿರು ಸೀರೆ ಕೆಲಸಕ್ಕೆ ಬಾರದು. ಮತ್ತೊಂದು ಕಾರಣ, ಒಂದೇ ದಿನದಲ್ಲಿ ಎರಡು ಬೇರೆ ದಿನಗಳ ಕಥೆ ತೆಗೆಯುತ್ತಾರೆ.

ಅಚ್ಚ ಬಿಳಿ ಬೇಡ, ಲೈಟಿಗೆ ಹೊಳೆದು ಮುಖ ಮಂಕಾಗುತ್ತದೆ. ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ, ಪರದೆಯ ಮೇಲೆ ಅದು ಅಲೆಅಲೆಯಾಗಿ ನಡುಗುತ್ತದೆ. ಕಂಪನಿಯ ಹೆಸರು, ನಟರ ಚಿತ್ರ, ಪಕ್ಷದ ಚಿಹ್ನೆ ಇರುವ ಅಂಗಿ ಬೇಡ. ಕಡುಗೆಂಪು ಹಿಂದೆ ನಿಂತರೂ ಕಣ್ಣು ಸೆಳೆಯುತ್ತದೆ, ಅದೂ ಬೇಡ. ಪಂಚೆ ಬೇಕೆಂದರೆ ಒಮ್ಮೆ ಉಟ್ಟು ಒಗೆದು ಸ್ವಲ್ಪ ಮಂಕಾದದ್ದು ಒಳ್ಳೆಯದು. ಕಂಬಳಿ ಕೊಪ್ಪೆ, ಹಾಳೆ ಟೋಪಿ, ಗೊರಬು ಮನೆಯಲ್ಲಿದ್ದರೆ ಫೋಟೊ ಕಳಿಸಿ ‘ಬೇಕಾ’ ಎಂದು ಕೇಳಿ. ಇವುಗಳಿಗಾಗಿ ತಂಡದವರು ಊರೆಲ್ಲ ಹುಡುಕುವುದುಂಟು.

ಚೀಲದಲ್ಲಿ ಇನ್ನಿಷ್ಟು ಇರಲಿ: ಪಿನ್ನುಗಳು, ಬಾಚಣಿಗೆ, ಪೌಡರ್, ಕರ್ಚೀಫ್, ಒಂದು ಲೀಟರ್ ನೀರು, ಬಿಸ್ಕತ್ತು ಅಥವಾ ಅವಲಕ್ಕಿ, ಕೊಡೆ, ಪವರ್ ಬ್ಯಾಂಕ್, ಆಧಾರ್ ನಕಲು, ನಿತ್ಯದ ಮಾತ್ರೆ. ಚಿನ್ನ ಹಾಕಿಕೊಂಡು ಹೋಗಬೇಡಿ. ಮದುವೆ ದೃಶ್ಯವಾದರೂ ಉಮಾ ಗೋಲ್ಡ್ ಸಾಕು, ಬಟ್ಟೆ ಬದಲಿಸುವ ಜಾಗದಲ್ಲಿ ಬೀಗವಿರುವುದಿಲ್ಲ.

ಹಂತ 6: ಸೆಟ್ ತಲುಪಿದ ಮೇಲೆ

ಹೇಳಿದ ಹೊತ್ತಿಗೆ ಅರ್ಧ ಗಂಟೆ ಮುಂಚೆ ಇರಿ. ಕೋಆರ್ಡಿನೇಟರ್ ಹತ್ತಿರ ಹೆಸರು ಬರೆಸಿ, ಅಸಿಸ್ಟೆಂಟ್ ಡೈರೆಕ್ಟರ್‌ಗೆ ಬಟ್ಟೆ ತೋರಿಸಿ. ಅವರು ಆರಿಸಿದ್ದನ್ನು ಉಟ್ಟು, ತಲೆಯಿಂದ ಪಾದದವರೆಗೆ ನಿಮ್ಮದೇ ಒಂದು ಫೋಟೊ ತೆಗೆದಿಡಿ. ಬಳೆ ಯಾವ ಕೈಯಲ್ಲಿ, ಹೂವು ಯಾವ ಪಕ್ಕ, ಅಂಗಿಯ ತೋಳು ಎಷ್ಟು ಮಡಿಕೆ ಎಂದು ಮಧ್ಯಾಹ್ನ ಊಟದ ಮೇಲೆ ನೆನಪಿರುವುದಿಲ್ಲ. ಪ್ರತಿ ಶಾಟ್‌ನಲ್ಲೂ ಇವೆಲ್ಲ ಹಾಗೆಯೇ ಇರುವುದಕ್ಕೆ ಕಂಟಿನ್ಯುಟಿ ಎನ್ನುತ್ತಾರೆ. ಆ ಫೋಟೊದಲ್ಲಿ ಸೆಟ್, ಕಲಾವಿದರು ಬರಬಾರದು. ಅದನ್ನು ಸ್ಟೇಟಸ್‌ಗೆ ಹಾಕಲೂ ಬಾರದು. ಮುಂದಿನ ವಾರದ ಕಥೆ ನಿಮ್ಮ ಸ್ಟೇಟಸ್‌ನಿಂದ ಹೊರಬಿದ್ದರೆ ಕೋಆರ್ಡಿನೇಟರ್‌ನ ಕೆಲಸವೂ ಹೋಗುತ್ತದೆ.

ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಸೈಲೆಂಟ್ ಸಾಕಾಗುವುದಿಲ್ಲ, ಮೈಕಿಗೆ ಗರಗರ ಸದ್ದು ಬರಬಹುದು. ಕರೆದಾಗ ಸಿಗುವಷ್ಟು ಹತ್ತಿರದಲ್ಲೇ ಕೂತಿರಿ. ಶೌಚಕ್ಕೆ ಹೋಗುವಾಗಲೂ ಒಬ್ಬರಿಗೆ ಹೇಳಿ ಹೋಗಿ.

ಹಂತ 7: ಕ್ಯಾಮೆರಾ ಮುಂದೆ

ಒಂದು ದೃಶ್ಯವನ್ನು ಮೊದಲು ಎಲ್ಲರೂ ಕಾಣುವ ಹಾಗೆ ದೂರದಿಂದ ತೆಗೆಯುತ್ತಾರೆ, ಅದು ಮಾಸ್ಟರ್. ಆಮೇಲೆ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ತೋರಿಸುವ ಸಜೆಷನ್, ಆಮೇಲೆ ಮುಖವನ್ನಷ್ಟೇ ಹತ್ತಿರದಿಂದ ತೋರಿಸುವ ಕ್ಲೋಸ್. ಮಾತು ಅದೇ, ಜಾಗ ಅದೇ, ಹಿಂದೆ ನೀವೂ ಅದೇ ಮಾಡುತ್ತಿರಬೇಕು. ಹೊಸಬರ ದೊಡ್ಡ ತಪ್ಪು ಇಲ್ಲಿದೆ. ಮಾಸ್ಟರ್‌ನಲ್ಲಿ ಉತ್ಸಾಹದಿಂದ ಏನೇನೋ ಮಾಡಿ, ಕ್ಲೋಸ್ ಹೊತ್ತಿಗೆ ಮರೆತಿರುತ್ತಾರೆ. ಆದ್ದರಿಂದ ಮಾಸ್ಟರ್‌ನಲ್ಲೇ ಸರಳವಾದ ಒಂದು ಕೆಲಸ ಆರಿಸಿ, ನಾಯಕನ ಯಾವ ಮಾತಿಗೆ ಅದನ್ನು ಮಾಡಿದಿರಿ ಎಂದು ಗುರುತಿಟ್ಟುಕೊಳ್ಳಿ. ‘ನಿಲ್ಲು’ ಎಂದಾಗ ತಿರುಗಿದ್ದರೆ ಪ್ರತಿ ಸಲವೂ ‘ನಿಲ್ಲು’ ಎಂದಾಗಲೇ ತಿರುಗಿ.

ನಡೆಯುವುದಿದ್ದರೆ ಶುರುವಿನ ಜಾಗ, ಯಾರ ಸನ್ನೆಗೆ ಹೊರಡಬೇಕು, ಎಲ್ಲಿ ಮುಗಿಸಬೇಕು ಎಂಬ ಮೂರನ್ನು ರಿಹರ್ಸಲ್‌ನಲ್ಲೇ ಕೇಳಿ. ಹೆಜ್ಜೆ ಎಣಿಸಿಕೊಳ್ಳಿ. ಫ್ರೇಮ್ ದಾಟಿದ ಕೂಡಲೇ ನಿಲ್ಲಬೇಡಿ, ಇನ್ನೂ ನಾಲ್ಕು ಹೆಜ್ಜೆ ಹೋಗಿ ನಿಲ್ಲಿ, ಇಲ್ಲವಾದರೆ ನೆರಳು ಒಳಗೆ ಉಳಿಯುತ್ತದೆ. ‘ಕಟ್’ ಕೇಳುವವರೆಗೆ ವಾಪಸ್ ಬರಬೇಡಿ.

ಲೆನ್ಸ್ ನೋಡಬಾರದು ಎಂಬುದು ಎಲ್ಲರಿಗೂ ಗೊತ್ತು. ಮುಖ್ಯ ಕಲಾವಿದರನ್ನೂ ನೆಟ್ಟಗೆ ನೋಡಬಾರದು ಎಂಬುದು ಹಲವರಿಗೆ ಗೊತ್ತಿಲ್ಲ. ಟಿವಿಯಲ್ಲಿ ದಿನಾ ಕಾಣುವ ಮುಖ ಎದುರಿಗೆ ಬಂದಾಗ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಸಂತೆಯಲ್ಲಿ ತರಕಾರಿ ಕೊಳ್ಳುವವರು ತರಕಾರಿಯನ್ನೇ ನೋಡಬೇಕು. ಜಗಳದ ದೃಶ್ಯ, ಎಲ್ಲರೂ ನೋಡಿ ಎಂದು ಹೇಳಿದಾಗ ಮಾತ್ರ ನೋಡಿ.

ಹಿಂದೆ ಕೂತು ಮಾತಾಡುವವರು ಸದ್ದಿಲ್ಲದೆ ತುಟಿಯಾಡಿಸಬೇಕು. ಪಿಸುಮಾತೂ ಬೇಡ, ಮೈಕಿಗೆ ಸಿಗುತ್ತದೆ. ತುಟಿಯನ್ನು ಅತಿಯಾಗಿ ಆಡಿಸದೆ ನಿಜವಾದ ವಾಕ್ಯಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ: ಅಡಿಕೆ ರೇಟು, ಮಗಳ ಪರೀಕ್ಷೆ, ಮಳೆ. ಗಾಜಿನ ಬಳೆ, ಗೆಜ್ಜೆ ತೆಗೆಯಲು ಹೇಳಿದರೆ ಬೇಸರ ಬೇಡ. ಸ್ಟೀಲ್ ಲೋಟವನ್ನು ಕೆಳಗಿಡುವಾಗ ಕಿರುಬೆರಳನ್ನು ಅಡಿಗೆ ಇಟ್ಟರೆ ಸದ್ದಾಗದು.

ಪಂಕ್ತಿ ಊಟದ ದೃಶ್ಯಕ್ಕೆ ಬಹಳ ಜನರನ್ನು ಕರೆಯುತ್ತಾರೆ, ಅಲ್ಲಿ ಹಾಳಾಗುವ ಶಾಟ್‌ಗಳೂ ಬಹಳ. ಹಸಿವಿನಲ್ಲಿ ಹೋಗಿ ಕೂರಬೇಡಿ. ಮೊದಲ ಟೇಕ್‌ನಲ್ಲಿ ಎಲೆ ಖಾಲಿ ಮಾಡಿದರೆ ಮುಂದಿನ ಟೇಕ್‌ಗೆ ಜೋಡಣೆ ಸಿಗದು, ಮತ್ತೆ ಬಡಿಸಿ ಹೊಂದಿಸಬೇಕು. ಅನ್ನವನ್ನು ಕಲಸುತ್ತಾ, ಎರಡೇ ಬೆರಳಿನಷ್ಟು ಬಾಯಿಗೆ ಒಯ್ಯಿರಿ. ಪ್ರತಿ ಸಲ ಅದೇ ಪಲ್ಯ, ಅದೇ ತುತ್ತು. ಊಟ ಬೆಳಿಗ್ಗೆಯೇ ಮಾಡಿದ್ದಿರಬಹುದು, ವಾಸನೆ ಬಂದರೆ ಬಾಯಿಗೆ ಇಡದೆ ಅಸಿಸ್ಟೆಂಟ್‌ಗೆ ಹೇಳಿ.

ಸೀರಿಯಲ್‌ಗೇ ವಿಶೇಷವಾದದ್ದು ರಿಯಾಕ್ಷನ್. ತಾಳಿ ಕಟ್ಟುವ ಹೊತ್ತಿಗೆ ಯಾರೋ ‘ನಿಲ್ಲಿಸಿ’ ಎಂದರೆ ಕ್ಯಾಮೆರಾ ಮಂಟಪದಲ್ಲಿರುವ ಒಬ್ಬೊಬ್ಬರ ಮುಖಕ್ಕೂ ಹೋಗುತ್ತದೆ, ನಿಮ್ಮದಕ್ಕೂ ಬರಬಹುದು. ಬಾಯಿ ತೆರೆದು ಕೈ ಕೆನ್ನೆಗೆ ಇಡುವುದು ಬೇಡ. ತೋರಿಸಿದ ಕಡೆ ಕಣ್ಣು ನೆಟ್ಟು, ಉಸಿರು ಹಿಡಿದು, ‘ಕಟ್’ ಎನ್ನುವವರೆಗೆ ರೆಪ್ಪೆ ಬಡಿಯದೆ ಹಾಗೆಯೇ ಇರಿ. ಎಡಿಟಿಂಗ್‌ನಲ್ಲಿ ಆ ಮುಖವನ್ನು ಎಳೆದು ಬಳಸುತ್ತಾರೆ. ಮುಗಿಯಿತೆಂದು ನೀವೇ ಮುಖ ಸಡಿಲಿಸಿದರೆ ಶಾಟ್ ಉಪಯೋಗಕ್ಕೆ ಬಾರದು.

ಹಂತ 8: ಕಾಡು, ಮಳೆ, ಉಂಬಳ, ಉಣುಗು

ತೋಟ, ಹಳ್ಳದ ಬದಿಯ ಕೆಲಸವಾದರೆ ಉಪ್ಪಿನ ಸಣ್ಣ ಗಂಟು, ಸುಣ್ಣ ಚೀಲದಲ್ಲಿರಲಿ. ಉಂಬಳ ಕಚ್ಚಿದರೆ ರಕ್ತದ ಕಲೆ ಪಂಚೆಯ ಮೇಲೆ ಬಿದ್ದು ಕಂಟಿನ್ಯುಟಿ ಕೆಡುವುದೇ ಹೆಚ್ಚಿನ ತೊಂದರೆ.

ಉಣುಗಿನ ವಿಷಯ ಹಾಗಲ್ಲ, ಅದರ ಕಡಿತದಿಂದ ಮಂಗನ ಕಾಯಿಲೆ ಹರಡುತ್ತದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ, ಹೊರಾಂಗಣ ಶೂಟಿಂಗ್‌ನ ಕಾಲದ ಬಹುಭಾಗವೂ ಇದರೊಳಗೇ ಬರುತ್ತದೆ. ಒಣ ಎಲೆಯ ಮೇಲೆ ಕೂರುವ, ಮಲಗುವ ದೃಶ್ಯ ಇದ್ದರೆ ಕೆಳಗೆ ಟಾರ್ಪಾಲ್ ಹಾಸಲು ಕೇಳಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು. ಸತ್ತ ಮಂಗ ಕಂಡರೆ ಆ ಜಾಗದಲ್ಲಿ ಕೆಲಸ ಮಾಡಬೇಡಿ, ಯಾರೇ ಒತ್ತಾಯಿಸಲಿ. ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಹಂತ 9: ಮಕ್ಕಳನ್ನು ಕಳಿಸುವುದಾದರೆ

ಬಾಲಕಾರ್ಮಿಕ ಕಾಯ್ದೆಯ ನಿಯಮಗಳಂತೆ ಮಗುವಿನ ಕೆಲಸ ದಿನಕ್ಕೆ ಐದು ಗಂಟೆ ಮೀರಬಾರದು, ಬಿಡುವಿಲ್ಲದೆ ಮೂರು ಗಂಟೆ ಮೀರಬಾರದು. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಸತತ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಮಗುವಿನ ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ‘ಕ್ರೌಡ್ ಮಗು, ಅನುಮತಿ ಯಾಕೆ’ ಎನ್ನುವವರ ಜೊತೆ ವಾದ ಬೇಡ, ಮಗುವನ್ನು ಕರೆದುಕೊಂಡು ಬನ್ನಿ. ಮಕ್ಕಳ ಸಹಾಯವಾಣಿ 1098.

ಹಂತ 10: ಪ್ಯಾಕಪ್, ಪೇಮೆಂಟ್, ಮುಂದಿನ ಕರೆ

ವೋಚರ್‌ಗೆ ಸಹಿ ಹಾಕುವ ಮುಂಚೆ ಅದರಲ್ಲಿ ಮೊತ್ತ ಬರೆದಿದೆಯೇ ನೋಡಿ. ಖಾಲಿ ವೋಚರ್‌ಗೆ ಸಹಿ ಬೇಡ. ಆಮೇಲೆ ಕೊಡುತ್ತೇವೆ ಎಂದರೆ ಅವತ್ತೇ ರಾತ್ರಿ ಕೋಆರ್ಡಿನೇಟರ್‌ಗೆ ಒಂದು ಸಂದೇಶ ಹಾಕಿ: ದಿನಾಂಕ, ಜಾಗ, ಬಂದ ಹೊತ್ತು, ಬಿಟ್ಟ ಹೊತ್ತು, ಒಪ್ಪಿದ ಮೊತ್ತ, ಯುಪಿಐ ನಂಬರ್. ಅವರು ‘ಓಕೆ’ ಎಂದು ಉತ್ತರಿಸಿದರೆ ಅದೇ ನಿಮ್ಮ ದಾಖಲೆ. ಹೇಳಿದ ದಿನ ದಾಟಿದ ಮೇಲೆ ವಾರಕ್ಕೊಮ್ಮೆ ನೆನಪಿಸಿ, ದಿನಕ್ಕೆ ನಾಲ್ಕು ಸಲ ಫೋನ್ ಮಾಡಬೇಡಿ. ಹಳೆಯ ಬಾಕಿ ತೀರಿಸದೆ ಹೊಸ ಕೆಲಸಕ್ಕೆ ಕರೆಯುವವರಿಗೆ ‘ಹಿಂದಿನದು ಮುಗಿಸಿ ಸರ್, ಬರ್ತೀನಿ’ ಎಂದು ಸಮಾಧಾನವಾಗಿಯೇ ಹೇಳಿ.

ಒಂದು ಪುಟ್ಟ ನೋಟ್‌ಬುಕ್ ಇಡಿ. ಯಾವ ಸೀರಿಯಲ್, ಯಾವ ದೃಶ್ಯ, ಯಾವ ಬಟ್ಟೆ, ಯಾರು ಕರೆದರು. ಅದೇ ಸೀರಿಯಲ್‌ಗೆ ಮತ್ತೆ ಕರೆದಾಗ ‘ಹಿಂದೆ ಪಂಚಾಯ್ತಿ ದೃಶ್ಯದಲ್ಲಿ ಮುಂದಿನ ಸಾಲಿನಲ್ಲಿದ್ದೆ, ನೀಲಿ ಅಂಗಿ’ ಎಂದು ಮೊದಲೇ ಹೇಳಿ. ಅಂದು ಊರಿನ ರೈತನಾಗಿ ಕಂಡವರು ಇಂದು ನಗರದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ಕಾಣಿಸಿದರೆ ನೋಡುವವರು ಗುರುತು ಹಿಡಿಯುತ್ತಾರೆ. ನೀವು ಹೇಳಿದರೆ ಅಸಿಸ್ಟೆಂಟ್ ನಿಮ್ಮನ್ನು ಹಿಂದಿನ ಸಾಲಿಗೆ ಹಾಕುತ್ತಾರೆ ಅಥವಾ ಕನ್ನಡಕ ಕೊಟ್ಟು ಬದಲಿಸುತ್ತಾರೆ, ದಿನದ ಸಂಭಾವನೆ ತಪ್ಪುವುದಿಲ್ಲ.